ಹೊರಗಿನ ಸ್ಪೀಕರ್

ನಾಸಾಲಿಯ ಹೆಬ್ಬೆರಳಿನ ಉಗುರಿಗೆ ಹಚ್ಚಿದ್ದ ಕೆಂಪು ಬಣ್ಣ ಈಗ ತುದಿಯಲ್ಲಿ ಅರ್ಧ ಮಾತ್ರ ಉಳಿದಿತ್ತು. ಅವಳು ಹೊಸ್ತಿಲ ಮೇಲೆ ಕೂತು ಮತೋಕೆ ಬಾಳೆಕಾಯಿ ಸುಲಿಯುತ್ತಿದ್ದಳು. ಅವಳ ಗಂಡ ಸೆಬುಲಿಬಾ ಚಹಾದ ಲೋಟ ಹಿಡಿದುಕೊಂಡು ಆ ಉಗುರನ್ನೇ ನೋಡುತ್ತಿದ್ದ. ಬಣ್ಣ ಮೇಲಕ್ಕೆ ಸರಿದಂತೆಲ್ಲ ಬುಡದಲ್ಲಿ ಬರೀ ಉಗುರು ಬೆಳೆದು ಬಂದಿತ್ತು, ಆರು ವಾರದಷ್ಟು ಉಗುರು. ಅದನ್ನು ಕತ್ತರಿಸಿಬಿಡು ಎಂದು ಹೇಳಬೇಕೆಂದು ಅವನಿಗೆ ದಿನವೂ ಅನ್ನಿಸುತ್ತಿತ್ತು. ಯಾಕೆ ಎಂದು ಅವಳು ಕೇಳಿದರೆ ಏನು ಹೇಳುವುದು? ಅವಳು ಚಾಕು ನಿಲ್ಲಿಸದೆ, ಮನೆಯ ಸುದ್ದಿ ಹೇಳುವ ಹಾಗೆ, ಲುತಾಯನನ್ನು ಆಸ್ಪತ್ರೆಯಿಂದ ಬಿಟ್ಟಿದ್ದಾರಂತೆ ಎಂದಳು. "ಬಲಗೈ ಬೆರಳು ಮಡಚೋಕೇ ಆಗಲ್ಲವಂತೆ ಪಾಪ. ಇನ್ನು ಉಗುರಿಗೆ ಬಣ್ಣ ಹಾಕೋದು ಎಲ್ಲಿಂದ ಬಂತು. ನಾನೂ ಬೇರೆ ಯಾರನ್ನಾದ್ರೂ ನೋಡ್ಕೋಬೇಕು." ಸೆಬುಲಿಬಾ ಹೂಂ ಎಂದ. ಮಧ್ಯಾಹ್ನ ಎರಡು ಗಂಟೆಯ ಸಿನಿಮಾ ಆಟಕ್ಕೆ ತಡವಾಗುತ್ತದೆ ಎಂದು ಸುಳ್ಳು ಹೇಳಿ, ಹತ್ತು ಗಂಟೆಗೇ ಚೀಲ ಹೆಗಲಿಗೇರಿಸಿ ಹೊರಟುಬಿಟ್ಟ.

ಮನೆಯಿಂದ ಹಾಲ್‌ಗೆ ಹೋಗಲು ಮಾರ್ಕೆಟ್ಟಿನ ನಡುವಿನ ಓಣಿ ಒಂದೇ ದಾರಿ. ಈ ಆರು ವಾರದಲ್ಲಿ ಅವನಿಗೆ ಕಣ್ಣಿಗಿಂತ ಕಿವಿ ಚುರುಕಾಗಿತ್ತು. ಬೋಡಾ ಬೈಕಿನವರು ಗಿರಾಕಿಗಳನ್ನು ಕರೆಯುವ ಕೂಗು, ಇದ್ದಿಲ ಮೂಟೆ ದೊಪ್ಪನೆ ಬೀಳುವ ಸದ್ದು, ಟೊಮ್ಯಾಟೋ ಮಾರುವ ನಾಂಬೋಜೆಯ ನಗು, ಎಲ್ಲ ಬೇರೆ ಬೇರೆಯಾಗಿ ಬಂದು ಬಡಿಯುತ್ತಿದ್ದವು. ಯಾರಾದರೂ ಸ್ವಲ್ಪ ಜೋರಾಗಿ ಒಂದು ಹೆಸರು ಹಿಡಿದು ಕೂಗಿದರೆ ಸಾಕು, ಅವನು ನಿಂತುಬಿಡುತ್ತಿದ್ದ. ನಾಂಬೋಜೆ ಎಂದಿನಂತೆ, "ಏನು ವೀಜೆ ಸೆಬು, ಇವತ್ತು ಯಾರನ್ನ ಸಾಯಿಸ್ತೀಯ?" ಎಂದು ಕೇಳಿದಳು. ಅದು ಅವಳು ದಿನಾ ಕೇಳುವ ಮಾತು, ಅದರಲ್ಲೇನೂ ಇರಲಿಲ್ಲ. ಅವನು ನಕ್ಕಂತೆ ಮಾಡಿ ಮುಂದೆ ಹೋದ. ಅವಳ ಅಂಗಡಿಯ ಪಕ್ಕದ ಕಂಬದ ಬುಡದಲ್ಲಿ ಸಿಮೆಂಟಿನ ಮೇಲೆ ಇಂದಿಗೂ ಒಂದು ಗುಲಾಬಿ ಬಣ್ಣದ ಕಲೆ ಇತ್ತು. ಉಗುರುಬಣ್ಣದ ಸೀಸೆ ಒಡೆದು ಆದದ್ದು, ತೊಳೆದರೆ ಹೋಗದು. ಜನ ಅದರ ಮೇಲೇ ಕಾಲಿಟ್ಟು ಓಡಾಡುತ್ತಿದ್ದರು.

ವೀಜೆಯ ಕೆಲಸ ಸುಲಭದ್ದೆಂದು ಕಂಪಾಲಾದಲ್ಲಿ ಯಾರೂ ಅನ್ನುವುದಿಲ್ಲ. ಎಲ್ಲಿಯದೋ ದೇಶದ ಸಿನಿಮಾ, ಎಲ್ಲಿಯದೋ ಭಾಷೆ. ಅದರ ಸದ್ದು ಇಳಿಸಿ, ಅದರ ಸಂಗೀತ ಕಿತ್ತುಹಾಕಿ, ತನ್ನ ಡೋಲು, ತನ್ನ ಸೈರನ್ನು, ತನ್ನ ಹಾಡಿನ ತುಣುಕು ಸೇರಿಸಿ, ಎರಡು ಗಂಟೆ ಉಸಿರು ತೆಗೆದುಕೊಳ್ಳದೆ ಲುಗಾಂಡ ಭಾಷೆಯಲ್ಲಿ ಕಥೆ ಹೇಳಬೇಕು. ಬೇಸರದ ಜಾಗ ಹಾರಿಸಬೇಕು, ಜನ ಬೆಂಚು ಗುದ್ದಿದರೆ ಹಿಂದಕ್ಕೆ ತಿರುಗಿಸಿ ಅದನ್ನೇ ಮತ್ತೆ ಹಾಕಬೇಕು. ಪರದೇಶದ ಮುಖಗಳಿಗೆ ಈ ಓಣಿಯ ಹೆಸರಿಡಬೇಕು. ಅದಿಲ್ಲದಿದ್ದರೆ ಯಾರಿಗೂ ರುಚಿಸದು. ನಾಯಕನಿಗೆ ಗ್ಯಾರೇಜಿನ ಹುಡುಗನ ಹೆಸರು, ಅತ್ತೆಗೆ ಹಾಲ್‌ನ ಯಜಮಾನಿ ಹಾಜತಿಯ ಹೆಸರು. ಹೆಸರು ಬಿದ್ದವರು ಮಾರನೆಯ ದಿನ ಎದೆಯುಬ್ಬಿಸಿ ಓಡಾಡುತ್ತಿದ್ದರು. ಹಾಲ್‌ನ ಹಿಂಭಾಗದಲ್ಲಿ ಪ್ಲೈವುಡ್ಡಿನ ಗೂಡು, ಅದಕ್ಕೊಂದು ಕಿಟಕಿ. ಅಲ್ಲಿ ಕೂತು ಹದಿನೈದು ವರ್ಷ ಅವನು ಜನರ ಬೆನ್ನು ಓದಿದ್ದ. ಮುಖ ಎಂದೂ ಕಾಣುತ್ತಿರಲಿಲ್ಲ. ಹೆಗಲು ಕುಣಿದರೆ ನಗು, ಕತ್ತು ಮುಂದೆ ಚಾಚಿದರೆ ಭಯ, ತಲೆ ಅತ್ತಿತ್ತ ಹೊರಳಿದರೆ ಬೇಸರ. ಬೇಸರಕ್ಕೆ ಅವನು ಹೆದರುತ್ತಿದ್ದಷ್ಟು ಪೊಲೀಸರಿಗೂ ಹೆದರುತ್ತಿರಲಿಲ್ಲ. ಯಾಕೆಂದರೆ ರಸ್ತೆಯಾಚೆ ಇನ್ನೊಂದು ಹಾಲ್ ಎದ್ದಿತ್ತು, ಅಲ್ಲಿನವನಿಗೆ ಇವನ ಅರ್ಧ ವಯಸ್ಸು.

ಲುತಾಯನ ಹೆಸರು ಬಿದ್ದದ್ದೂ ಆ ಭಯದಿಂದಲೇ ಇರಬೇಕು. ಅವನ ಮೇಲೆ ಸೆಬುಲಿಬಾನಿಗೆ ಯಾವ ದ್ವೇಷವೂ ಇರಲಿಲ್ಲ, ಇದನ್ನು ಅವನು ತನಗೆ ತಾನೇ ಸಾವಿರ ಸಲ ಹೇಳಿಕೊಂಡಿದ್ದಾನೆ. ಬುಟ್ಟಿಯ ತುಂಬ ಬಣ್ಣದ ಸೀಸೆ ಇಟ್ಟುಕೊಂಡು, ಅವನ್ನು ಒಂದಕ್ಕೊಂದು ತಾಗಿಸಿ ಟಿಣ್ ಟಿಣ್ ಎನಿಸುತ್ತ ಓಣಿ ಓಣಿ ಸುತ್ತಿ, ಹೆಂಗಸರ ಕೈಕಾಲಿನ ಉಗುರಿಗೆ ಬಣ್ಣ ಹಚ್ಚುವ ಸಣ್ಣ ಮನುಷ್ಯ. ಎಡಕ್ಕೆ ವಾಲಿಕೊಂಡು ನಡೆಯುತ್ತಿದ್ದ. ಸಿನಿಮಾದಲ್ಲಿ ಚೀಲ ಹಿಡಿದು ಸಂತೆಯೊಳಗೆ ಓಡುವವನೂ ಹಾಗೇ ವಾಲುತ್ತಿದ್ದ. "ಅಗೋ ಲುತಾಯ, ಕಳ್ಳ ಲುತಾಯ, ಹಿಡೀರಿ" ಎಂದ ಸೆಬುಲಿಬಾ, ಒಂದು ದಿನ, ಯೋಚನೆಯೇ ಇಲ್ಲದೆ. ಹಾಲ್ ಬಿದ್ದು ಬಿದ್ದು ನಕ್ಕಿತು. ಅಂಥ ನಗು ಅವನು ಎರಡು ವರ್ಷದಿಂದ ಕೇಳಿರಲಿಲ್ಲ. ಮರುದಿನ ಅವನೇ ಮನೆ ಬಾಗಿಲಲ್ಲಿ ನಿಂತು, ನಾಸಾಲಿಯ ಕೈ ಹಿಡಿದು ಕೂತಿದ್ದ ಲುತಾಯನ ಸೀಸೆಗಳ ಸದ್ದನ್ನು ಫೋನಿನಲ್ಲಿ ಹಿಡಿದುಕೊಂಡ. ಅದಕ್ಕೆ ಡೋಲು ಕಟ್ಟಿದ. ಪರದೆಯ ಮೇಲೆ ಕಳ್ಳ ಕಾಣುವ ಮೊದಲೇ ಟಿಣ್ ಟಿಣ್ ಎಂದು ತಾಳ ಶುರು. ಜನ ಬೆಂಚಿನ ಮೇಲೇ ಕುಣಿಯುತ್ತಿದ್ದರು. ಲುತಾಯನಿಗೆ ಗೊತ್ತಾದಾಗ ಅವನೂ ನಕ್ಕಿದ್ದ. "ಕಳ್ಳನಾದ್ರೂ ಆಗ್ಲಿ ಅಣ್ಣ, ಹೆಸರು ದೊಡ್ಡದಾಗ್ತಿದೆಯಲ್ಲ" ಎಂದಿದ್ದ.

ಹೊರಗಿನ ಸ್ಪೀಕರಿನ ವಿಷಯ ಮಾತ್ರ ಇಬ್ಬರಿಗೂ ಹೊಳೆದಿರಲಿಲ್ಲ. ಹಾಲ್‌ನ ಬಾಗಿಲ ಮೇಲೆ ರಸ್ತೆಗೆ ಮುಖ ಮಾಡಿ ಕಟ್ಟಿದ ಕೊಳವೆ ಸ್ಪೀಕರು. ಒಳಗಿನ ಆಟದ ಸದ್ದು ಮಾರ್ಕೆಟ್ಟಿಗೆಲ್ಲ ಕೇಳಿ ಜನ ಬರಲಿ ಎಂದು. ಒಳಗಿನವರಿಗೆ ಚಿತ್ರ ಕಾಣುತ್ತಿತ್ತು. ಹೊರಗಿನವರಿಗೆ ಕೇಳಿಸುತ್ತಿದ್ದದ್ದು ಬರೀ ಒಂದು ದನಿ, ಒಂದು ಹೆಸರು. ದಿನಾ ಕೇಳುವವರು ಅದನ್ನು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ, ಆದರೆ ಆ ಶನಿವಾರ ಮಾರ್ಕೆಟ್ಟಿನಲ್ಲಿ ಹೊರಗೂರಿಂದ ಲಾರಿಯಲ್ಲಿ ಬಂದವರೂ ಇದ್ದರು. ಸೆಬುಲಿಬಾ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕಳ್ಳನ ಜಾಗಕ್ಕೆ ಬಂದ. "ಲುತಾಯ, ಕಳ್ಳ, ಹಿಡೀರಿ, ಬಿಡಬೇಡಿ" ಎಂದ. ಹೆಡ್‌ಫೋನನ್ನೂ ಮೀರಿ ಒಂದು ದೊಡ್ಡ ಹುಯ್ಯಲು ಕೇಳಿಸಿತು. ಇಷ್ಟು ದೊಡ್ಡದು ಎಂದೂ ಎದ್ದಿರಲಿಲ್ಲ. ಅವನಿಗೆ ಮೈ ಜುಮ್ಮೆಂದಿತು. ಹಿಂದಕ್ಕೆ ತಿರುಗಿಸಿದ, ಮತ್ತೆ ಹಾಕಿದ. ಹುಯ್ಯಲು ಇನ್ನೂ ಏರಿತು. ಮತ್ತೆ ತಿರುಗಿಸಿದ. ಮೂರು ಸಲ. ಬಾಗಿಲ ಹತ್ತಿರದ ಬೆಂಚಿನವರು ಎದ್ದು ಹೊರಗೆ ನೋಡುತ್ತಿದ್ದುದು ಕಂಡಿತು. ಅವರ ಬೆನ್ನು ಅಂದು ಅವನಿಗೆ ಓದಲು ಬರಲಿಲ್ಲ. ಆಟ ಮುಗಿಸಿ, ಬೆವರು ಒರೆಸಿಕೊಂಡು, ಖುಷಿಯಿಂದ ಹೊರಗೆ ಬಂದಾಗ ಕಂಬದ ಬಳಿ ಗುಲಾಬಿ ಬಣ್ಣವೂ ಕೆಂಪು ಬಣ್ಣವೂ ಕಲೆಸಿಹೋಗಿದ್ದವು. ಎಲ್ಲ ಬಣ್ಣವೂ ಸೀಸೆಯದಲ್ಲ.

ಗುಂಪು ಲುತಾಯನನ್ನು ಹೊಡೆಯುವ ಮೊದಲು ಕಳ್ಳ ಎಂದು ಕೂಗಿದವರು ಯಾರು ಎಂದು ಪೊಲೀಸರು ಕೇಳಿದರು. ಹೆಂಗಸಿನ ದನಿ ಎಂದರು ಕೆಲವರು, ಯಾರೋ ಡ್ರೈವರ್ ಎಂದರು ಕೆಲವರು. ಲುತಾಯ ಬುಟ್ಟಿಯ ಜೊತೆ ಒಂದು ಚೀಲವನ್ನೂ ಹಿಡಿದುಕೊಂಡಿದ್ದ, ಹೆಸರು ಕೇಳಿ ತಿರುಗಿ ನೋಡಿದ, ಆಮೇಲೆ ಓಡಿದ. ಓಡಿದ ಮೇಲೆ ಇನ್ನೇನು, ಎಂದರು. ಯಾರೂ ಗೂಡಿನ ಕಡೆ ನೋಡಲಿಲ್ಲ. ಸೆಬುಲಿಬಾ ಒಂದು ಭಾನುವಾರ ಆರು ಕಿತ್ತಳೆ ಕಟ್ಟಿಸಿಕೊಂಡು ಆಸ್ಪತ್ರೆಯ ಗೇಟಿನವರೆಗೆ ಹೋಗಿದ್ದ. ಕಾವಲಿನವನು ಪುಸ್ತಕ ಬಿಚ್ಚಿ, ಯಾರನ್ನು ನೋಡಬೇಕು, ಹೆಸರು ಹೇಳಿ ಎಂದ. ಹೇಳಲು ಬಾಯಿ ತೆರೆದರೆ ಹೆಸರೇ ಹೊರಡಲಿಲ್ಲ. ಕಾವಲಿನವನು ಎರಡು ಸಲ ಕೇಳಿದ, ಮೂರನೆಯ ಸಲ ಇವನಿಗೆ ತಲೆ ಸರಿಯಿಲ್ಲವೆಂದುಕೊಂಡು ಹಿಂದಿನವರನ್ನು ಒಳಗೆ ಬಿಟ್ಟ. ಇಡೀ ಮಾರ್ಕೆಟ್ಟಿಗೆ ಕೇಳುವಂತೆ ಆ ಹೆಸರು ಕೂಗಿದವನು ಕಿತ್ತಳೆ ಚೀಲ ಹಿಡಿದು ಮನೆಗೆ ಬಂದ. ನಾಸಾಲಿ ಹಣ್ಣು ಸಿಹಿಯಾಗಿದೆ ಎಂದಳು.

ಒಂದೂವರೆಗೆ ಹಾಲ್ ತುಂಬತೊಡಗಿತು. ತಗಡಿನ ಸೂರಿನ ಕೆಳಗೆ ಮಧ್ಯಾಹ್ನದ ಸೆಕೆ, ಕಡಲೆಕಾಯಿ ಸಿಪ್ಪೆ, ಬೆವರಿನ ವಾಸನೆ. ಸೆಬುಲಿಬಾ ತಂತಿ ಜೋಡಿಸುತ್ತಿದ್ದಾಗ ಮಣ್ಣಿನ ನೆಲದ ಮೇಲೆ ಏನೋ ಕುಟ್ಟಿದ ಸದ್ದು ಹತ್ತಿರವಾಯಿತು. ಒಂದು ಕುಟ್ಟು, ಒಂದು ಎಳೆತ. ಅವನು ತಲೆಯೆತ್ತಿದ. ಕಿಟಕಿಯಲ್ಲಿ ಲುತಾಯ ನಿಂತಿದ್ದ. ಎಡಗಂಕುಳಲ್ಲಿ ಊರುಗೋಲು, ಬಲಗೈ ಎದೆಗೆ ಒತ್ತಿಕೊಂಡಿತ್ತು, ಕಿವಿಯ ಮೇಲಿನ ಕೂದಲು ಬೋಳಿಸಿದ ಕಡೆ ಹೊಲಿಗೆಯ ಗೆರೆ. ಮುಖ ತೆಳ್ಳಗಾಗಿತ್ತು, ಆದರೆ ನಗುತ್ತಿತ್ತು. ಅಥವಾ ಒಡೆದ ತುಟಿ ಕೂಡಿಕೊಂಡದ್ದೇ ಹಾಗೋ.

"ಚೆನ್ನಾಗಿದ್ದೀಯ ಅಣ್ಣ?"

ಚೆನ್ನಾಗಿದ್ದೇನೆ ಎಂದ ಸೆಬುಲಿಬಾ. ನಿನ್ನನ್ನು ನೋಡಲು ಬರಬೇಕೆಂದಿದ್ದೆ ಎಂದ. ಗೊತ್ತು, ನಿನಗೆ ಪುರುಸೊತ್ತೆಲ್ಲಿ ಎಂದ ಲುತಾಯ. ಆಮೇಲೆ ಸ್ವಲ್ಪ ಬಾಗಿ, ಗೂಡಿನೊಳಗಿನ ಗುಂಡಿಗಳನ್ನೂ ಮೈಕನ್ನೂ ಒಂದೊಂದಾಗಿ ನೋಡಿದ.

"ಆ ಸಿನಿಮಾ ಹಾಕು ಇವತ್ತು. ಅವತ್ತು ನಾನು ನೋಡ್ಲಿಲ್ಲ. ಬರೀ ಕೇಳಿಸ್ಕೊಂಡೆ."

ಲುತಾಯ ಕುಟ್ಟಿಕೊಂಡು, ಎಳೆದುಕೊಂಡು ಮುಂದೆ ಹೋದ. ಮೊದಲ ಬೆಂಚಿನವರು ಅವನ ಬೆನ್ನು ತಟ್ಟಿ ಜಾಗ ಬಿಟ್ಟರು. ಅವರಲ್ಲಿ ಇಬ್ಬರು ಅಂದು ಓಣಿಯಲ್ಲಿ ಅವನನ್ನು ಒದೆಯಲು ಕಾಲೆತ್ತಿದವರೇ. ನಮ್ಮ ಕಳ್ಳ ಬಂದ, ನಮ್ಮ ಕಳ್ಳ ಬಂದ ಎಂದು ಯಾರೋ ಪ್ರೀತಿಯಿಂದಲೇ ಅಂದರು, ಅದು ಬೆಂಚಿಂದ ಬೆಂಚಿಗೆ ಹರಡಿ, ಆ ಸಿನಿಮಾವೇ ಆಗಲಿ ಎಂಬ ಕೂಗಾಯಿತು. ಹಾಜತಿ ಬಾಗಿಲಿಂದ ಹೂಂ ಎಂದು ತಲೆಯಾಡಿಸಿದಳು. ಸೆಬುಲಿಬಾ ಎದ್ದು ಹೋಗಿ, ಇವತ್ತು ಹೊರಗಿನ ಸ್ಪೀಕರ್ ಬೇಡ, ಕರಕರ ಅನ್ನುತ್ತದೆ ಎಂದು ಅವಳಿಗೆ ಹೇಳಿದ. "ಆಚೆಯವನದು ನೋಡು, ಹೇಗೆ ಬೊಬ್ಬೆ ಹೊಡೀತಿದೆ. ನಿನ್ನ ಗಂಟಲಿಗೇನು ಬಂತು?" ಎಂದಳು ಹಾಜತಿ. ಸ್ಪೀಕರಿನ ಗುಂಡಿ ಅವಳ ಕುರ್ಚಿಯ ಹಿಂದೆ, ಅವಳ ಬೆನ್ನಿಗೆ ತಾಗಿಕೊಂಡೇ ಇತ್ತು.

ದೀಪ ಆರಿತು. ಶುರುವಿನ ಹತ್ತು ನಿಮಿಷ ಅವನು ಎಂದೂ ಹಾಕಿದವನಲ್ಲ. ಒಂದು ಸಣ್ಣ ಕೋಣೆಯಲ್ಲಿ ಒಬ್ಬ ಹೆಂಗಸು ಒಂದು ಚೀಲಕ್ಕೆ ಬಟ್ಟೆ ಮಡಿಸಿ ಇಡುತ್ತಾಳೆ, ಗಂಡ ಗೋಡೆಗೊರಗಿ ನೋಡುತ್ತಾನೆ, ಮಾತಿಲ್ಲ. ಜನಕ್ಕೆ ನಿದ್ದೆ ಬರುವ ಜಾಗ. ಅದನ್ನು ಹಾರಿಸಿ ನೇರ ಸಂತೆಯ ಓಟಕ್ಕೆ ಬಂದರೆ ಓಡುವವನು ಕಳ್ಳ. ಹಾರಿಸದಿದ್ದರೆ? ಇಂದು ಅವನ ಬೆರಳು ಹಾರಿಸುವ ಗುಂಡಿಯ ಮೇಲೇ ಇತ್ತು, ಒತ್ತಲಿಲ್ಲ. ಹೆಂಗಸು ಚೀಲಕ್ಕೆ ಒಂದು ರೊಟ್ಟಿ ಇಟ್ಟಳು. ಈ ಚೀಲ ಇವನದೇ, ಹೆಂಡತಿ ಕಟ್ಟಿಕೊಟ್ಟದ್ದು ಎಂದು ಹೇಳಬೇಕಿತ್ತು, ಅಷ್ಟೇ ಸಾಕಿತ್ತು. ಅವನು ಹೇಳಿದ್ದು ಅದನ್ನೇ, ಆದರೆ ದನಿ ಎಷ್ಟು ಸಣ್ಣದಾಗಿ ಹೊರಟಿತೆಂದರೆ ಜನ ನಕ್ಕರು. ತಲೆಗಳು ಅತ್ತಿತ್ತ ಹೊರಳತೊಡಗಿದವು. ವೀಜೆಗೆ ನಿದ್ದೆ ಬಂದಿದೆ ಎಂದ ಒಬ್ಬ. ಆಚೆ ಹಾಲ್‌ಗೆ ಹೋಗೋಣ ಎಂದ ಇನ್ನೊಬ್ಬ. ಕಡಲೆಸಿಪ್ಪೆ ಹಾರಿ ಬಂದು ಕಿಟಕಿಗೆ ತಾಗಿತು. ಮೊದಲ ಬೆಂಚಿನಲ್ಲಿ ಒಂದು ತಲೆ ಮಾತ್ರ ಅಲುಗಲಿಲ್ಲ. ಅರ್ಧ ಬೋಳಿಸಿದ ತಲೆ, ನೀಲಿ ಬೆಳಕಿನಲ್ಲಿ ಅದರ ಹೊಲಿಗೆ. ಆ ಬೆನ್ನನ್ನು ಅವನು ನೋಡಿಯೇ ನೋಡಿದ. ನಗುವೂ ಇಲ್ಲ, ಬೇಸರವೂ ಇಲ್ಲ. ಕೇಳುತ್ತಿತ್ತು, ಅಷ್ಟೆ.

ಸಂತೆಯ ದೃಶ್ಯ ಹತ್ತಿರ ಬಂತು. ಬೆರಳು ರೂಢಿಯಿಂದ ತಾನೇ ತಾಳದ ಗುಂಡಿ ಒತ್ತಿಬಿಟ್ಟಿತು. ಟಿಣ್ ಟಿಣ್. ಬುಟ್ಟಿಯ ಸೀಸೆಗಳು, ನಾಸಾಲಿಯ ಹೊಸ್ತಿಲು, ಅವಳ ನಗು, ಹೆಬ್ಬೆರಳ ಮೇಲೆ ಬಾಗಿದ ಒಬ್ಬ ಸಣ್ಣ ಮನುಷ್ಯನ ಬಲಗೈ. ಹಾಲ್ ಒಮ್ಮೆಲೇ ಎಚ್ಚೆತ್ತು ಬೆಂಚು ಗುದ್ದತೊಡಗಿತು. ಪರದೆಯ ಮೇಲೆ ಅವನು ಬಂದ, ಎಡಕ್ಕೆ ವಾಲಿ, ಚೀಲ ಎದೆಗಪ್ಪಿ ಓಡಿದ. ಹೆಸರು, ಹೆಸರು ಎಂದು ಕಾಲಲ್ಲಿ ನೆಲ ಬಡಿದರು. ಸೆಬುಲಿಬಾ ಹೆಡ್‌ಫೋನ್ ಕಿತ್ತಿಟ್ಟ. ಆಟದ ನಡುವೆ ಅವನು ಹಾಗೆ ಮಾಡಿದ್ದು ಅದೇ ಮೊದಲು. ಹೊರಗೆ ಮಾರ್ಕೆಟ್ಟು ಕೇಳಿಸಿತು. ಬೈಕು, ಇದ್ದಿಲು, ಯಾರೋ ಯಾರನ್ನೋ ಕರೆದದ್ದು. ಬೇರೆ ಒಂದು ಹೆಸರು ಹೇಳಿದರಾಯಿತು ಎಂದು ಬೆಳಿಗ್ಗೆಯಿಂದ ಅಂದುಕೊಂಡಿದ್ದ. ಆದರೆ ಯಾವ ಹೆಸರು? ನಾಲಿಗೆಗೆ ಬಂದ ಒಂದೊಂದು ಹೆಸರಿನವನೂ ಈ ಹೊತ್ತಿಗೆ ಅಲ್ಲಿ ಬಿಸಿಲಿನಲ್ಲಿ ಕೈಯಲ್ಲೊಂದು ಚೀಲ ಹಿಡಿದು ಹೋಗುತ್ತಿರಬಹುದು. ಹೆಸರು ಕೇಳಿ ತಿರುಗಿ ನೋಡಬಹುದು. ಸುಮ್ಮನಿದ್ದರೆ ಜನವೇ ಹಳೆಯ ಹೆಸರು ಹೇಳುತ್ತಾರೆ, ಆಗಲೇ ಲು ಎಂದು ಎಳೆಯಲು ಶುರುಮಾಡಿದ್ದರು, ಮೈಕು ತೆರೆದೇ ಇತ್ತು. ಹೊರಗಿಲ್ಲದವನು ಎಂದು ಖಾತ್ರಿಯಿರುವ ಹೆಸರು ಒಂದೇ ಉಳಿದಿತ್ತು. ಧೈರ್ಯ ಎಂದು ಯಾರೂ ಹೇಳಬಾರದು. ಜೀವ ಬಾಯಿಗೆ ಬಂದಿತ್ತು, ಅದರ ಜೊತೆಗೇ ಆ ಹೆಸರೂ ಬಂತು.

"ಸೆಬುಲಿಬಾ" ಎಂದು ಅವನು ಕಿರುಚಿದ. "ಕಳ್ಳ ಸೆಬುಲಿಬಾ, ಹಿಡೀರಿ."

ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ಆಮೇಲೆ ಹಾಲ್ ಹಾರಿಹೋಗುವಂತೆ ನಕ್ಕರು. ಗೂಡಿನತ್ತ ತಿರುಗಿ ನಕ್ಕರು. ಹದಿನೈದು ವರ್ಷದಲ್ಲಿ ಮೊದಲ ಸಲ ಅಷ್ಟೂ ಮುಖಗಳು ಅವನಿಗೆ ಒಟ್ಟಿಗೇ ಕಂಡವು, ಬಾಯಿ ತೆರೆದುಕೊಂಡು, ಹಲ್ಲು ಕಾಣುವಂತೆ, ನೀಲಿಯಾಗಿ. ಅಂದು ಕಂಬದ ಬಳಿ ಕೆಳಗೆ ಬಿದ್ದವನು ಮೇಲೆ ನೋಡಿದಾಗ ಕಂಡದ್ದೂ ಇಂಥವೇ ಮುಖಗಳು. ತಿರುಗಿಸು, ತಿರುಗಿಸು ಎಂದರು. ತಿರುಗಿಸಿದ. ಮೂರು ಸಲ ತಿರುಗಿಸಿದ. ನಾಲ್ಕನೆಯದಕ್ಕೆ ಹಾಜತಿಯೇ ಬಂದು, ಕಣ್ಣೀರು ಒರೆಸಿಕೊಳ್ಳುತ್ತ, ನಕ್ಕು ನಕ್ಕು ಹೊಟ್ಟೆ ನೋವು ಬಂತು ಎಂದಳು. ಲುತಾಯ ಮಾತ್ರ ತಿರುಗಿ ನೋಡಿರಲಿಲ್ಲ.

ಆಟ ಮುಗಿದು ಎಲ್ಲ ಹೋದ ಮೇಲೂ ಸೆಬುಲಿಬಾ ಗೂಡಿನಲ್ಲೇ ತಂತಿ ಸುತ್ತುತ್ತ ಕೂತ. ಸುತ್ತಿದ್ದನ್ನು ಬಿಚ್ಚಿ ಮತ್ತೆ ಸುತ್ತಿದ. ಹೊರಗೆ ಇನ್ನೂ ನಿಗಿನಿಗಿ ಬಿಸಿಲು, ಮಾರ್ಕೆಟ್ಟು ತುಂಬಿ ತುಳುಕುವ ಹೊತ್ತು. ಹಾಜತಿ ಬಾಗಿಲು ಹಾಕಬೇಕು ಎಂದಳು. ಅವನು ಚೀಲ ಹೆಗಲಿಗೆ ಹಾಕಿಕೊಂಡ, ಆಮೇಲೆ ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದ, ಆಮೇಲೆ ಎದೆಗೆ. ಹೇಗೆ ಹಿಡಿದರೂ ಅದು ಬೇರೆಯವರ ಚೀಲದ ಹಾಗೇ ಇತ್ತು. ಬಾಗಿಲ ಆಚೆ, ಸ್ಪೀಕರಿನ ಕೆಳಗೆ ಲುತಾಯ ಊರುಗೋಲಿಗೆ ಭಾರ ಹಾಕಿ ನಿಂತಿದ್ದ. ಹೋಗೋಣವಾ ಎಂದ. ಇಬ್ಬರೂ ಓಣಿಗೆ ಇಳಿದರು.

ಮೊದಲ ಅಂಗಡಿಯ ಹುರಿಗಡಲೆಯವನು ಇವನನ್ನು ನೋಡಿ ತಗಡಿನ ಡಬ್ಬ ಬಡಿದ. ಟಿಣ್ ಟಿಣ್. ಪಕ್ಕದವನೂ ಬಡಿದ. ನಾಂಬೋಜೆ ಸೊಂಟಕ್ಕೆ ಕೈಯಿಟ್ಟು, "ಕಳ್ಳ ಸೆಬುಲಿಬಾ ಹೊರಟ ನೋಡ್ರೋ" ಎಂದು ನಗುತ್ತ ಕೂಗಿದಳು. ಅವಳಿಗೆ ಗೊತ್ತು, ಅದು ತಮಾಷೆ, ಇಲ್ಲಿನವರಿಗೆಲ್ಲ ಗೊತ್ತು. ಆದರೆ ಕಂಬದ ಹತ್ತಿರ ಕಬ್ಬಿನ ಲಾರಿ ನಿಂತಿತ್ತು. ಇಳಿಸುತ್ತಿದ್ದ ನಾಲ್ವರು ಹೊಸ ಮುಖದವರು ಕೆಲಸ ನಿಲ್ಲಿಸಿ, ಮೊದಲು ನಾಂಬೋಜೆಯನ್ನು, ಆಮೇಲೆ ಇವನನ್ನು, ಆಮೇಲೆ ಇವನ ಕೈಯ ಚೀಲವನ್ನು ನೋಡಿದರು. ಒಬ್ಬನ ಕೈಯಲ್ಲಿ ಕಬ್ಬಿನ ಜಲ್ಲೆ ಇತ್ತು. ಸೆಬುಲಿಬಾ ಚೀಲವನ್ನು ಇನ್ನೂ ಒತ್ತಿ ಹಿಡಿದ. ನಗಬೇಕು ಎಂದುಕೊಂಡ, ತುಟಿ ಅಲುಗಲಿಲ್ಲ. ನಾನು ಇಲ್ಲಿನವನೇ ಎಂದು ಹೇಳಬೇಕು; ಲುತಾಯನೂ ಹಾಗೆ ಹೇಳಿರಬೇಕು, ಯಾರು ಕೇಳಿದರು. ಅವನ ಕಾಲು ಅವನನ್ನು ಕೇಳದೆಯೇ ಬಿರುಸಾಗತೊಡಗಿತ್ತು. ಹಿಂದೆ ಒಂದು ಕುಟ್ಟು, ಒಂದು ಎಳೆತ. ಲುತಾಯ ಈಗ ಒಂದೇ ಒಂದು ಮಾತು ಕೂಗಿದರೆ ಸಾಕು. ಕೂಗುವುದಕ್ಕೇ ಕಾದು ನಿಂತಿದ್ದನೋ ಏನೋ. ಬೆಳಿಗ್ಗೆಯಿಂದಲ್ಲ, ಆರು ವಾರದಿಂದ ತಾನು ಹೆದರುತ್ತಿದ್ದದ್ದು ಈ ಒಂದು ದನಿಗೇ ಎಂದು ಸೆಬುಲಿಬಾನಿಗೆ ಆಗ ಸ್ಪಷ್ಟವಾಯಿತು. ಸಿಮೆಂಟಿನ ಮೇಲಿನ ಗುಲಾಬಿ ಕಲೆ ಎರಡು ಮಾರು ದೂರದಲ್ಲಿತ್ತು. ಲಾರಿಯವರಲ್ಲಿ ಒಬ್ಬ ಕೆಳಗೆ ಹಾರಿದ. ಓಡು ಎಂದಿತು ಮೈಯೆಲ್ಲ.

"ನಿಧಾನ, ಅಣ್ಣ" ಎಂದ ಲುತಾಯ ಹಿಂದಿನಿಂದ. ದನಿ ಎತ್ತರಿಸಲಿಲ್ಲ, ಇವನೊಬ್ಬನಿಗೆ ಕೇಳುವಷ್ಟೇ. "ನಾನು ಅವತ್ತು ಓಡ್ದೆ. ನೀನು ಓಡಬೇಡ." ಕುಟ್ಟಿಕೊಂಡು ಬಂದು ಪಕ್ಕಕ್ಕೆ ಸೇರಿದ. ಮಡಚಲಾಗದ ಬೆರಳುಗಳ ಬಲಗೈಯನ್ನು ಸೆಬುಲಿಬಾನ ತೋಳಿನ ಮೇಲಿಟ್ಟ. ಕೈ ಹಿಡಿಯಲಿಲ್ಲ, ಹಿಡಿಯಲು ಅದಕ್ಕೆ ಬರುತ್ತಿರಲಿಲ್ಲ. ಸುಮ್ಮನೆ ಅಲ್ಲಿ ಇತ್ತು, ಎಲ್ಲರಿಗೂ ಕಾಣುವ ಹಾಗೆ.

"ಅಷ್ಟು ಬಿರುಸಾಗಿ ನನಗೆ ನಡೆಯೋಕಾಗಲ್ಲ ಈಗ."

ಸೆಬುಲಿಬಾ ಹೆಜ್ಜೆ ಚಿಕ್ಕದು ಮಾಡಿದ. ಇಬ್ಬರೂ ಲಾರಿಯ ಪಕ್ಕದಲ್ಲಿ, ಆ ನಾಲ್ವರ ಮುಂದೆ, ಕಲೆಯ ಮೇಲೆ ಕಾಲಿಡದೆ ಸುತ್ತಿಕೊಂಡು ನಡೆದರು.